ಡ್ರೈವಿಗೆ ವಸಡು ಕಟ್ಟಿದ ಭಾವ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಬಾಯಿ ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ನಿಂತು ನಮಸ್ಕಾರ ಎಂದರೆ ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಾರೆ. ಎದುರಿನವರು ನಕ್ಕರೋ, ತಕ್ಷಣ ಗುರುತು ಹತ್ತುತ್ತದೆ. "ಓಹೋ, ಕೆಳದವಡೆ, ಎಡಗಡೆ! ಈಗಲೂ ಒತ್ತುತ್ತಾ?" ಎಂದು ನಡುಬೀದಿಯಲ್ಲೇ ವಿಚಾರಿಸುತ್ತಾರೆ. ಆ ಮನುಷ್ಯ ಹೊಸ ಹೆಂಡತಿಯ ಜೊತೆ ಬಂದಿರಬಹುದು, ಅವು ಸ್ವಂತ ಹಲ್ಲೆಂದು ಅವಳನ್ನು ನಂಬಿಸಿರಬಹುದು ಎಂಬ ಪರಿವೆಯೇ ಇವರಿಗಿಲ್ಲ.

ಭಾವನ ಕಸುಬು ಹಲ್ಲು ಸೆಟ್ ಮಾಡುವುದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಭಾವ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಅದಕ್ಕೆ ಗುಲಾಬಿ ವಸಡು ಕಟ್ಟಿ, ಬಿಳಿ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಕೆಲಸದಲ್ಲಿ ಗಟ್ಟಿಗರು, ನಾನೂ ಒಪ್ಪುತ್ತೇನೆ. ಒಪ್ಪದಿದ್ದರೆ ಒಪ್ಪುವ ತನಕ ಅವರೇ ಹೇಳುತ್ತಿರುತ್ತಾರೆ. ಸೆಟ್ ಒಯ್ಯಲು ಬಂದವರಿಗೆಲ್ಲ ಒಂದೇ ಉಪದೇಶ: "ಊಟ ಆದ್ಮೇಲೆ ತೆಗೀರಿ, ತೊಳೀರಿ, ಬೇರೆ ಇಡಿ. ಬಾಯಲ್ಲೇ ಬಿಟ್ಕೊಂಡು ಮಲಗಬೇಡಿ." ಈ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ಭಾವ ನೆನಪಿಟ್ಟುಕೊಳ್ಳಲಿಲ್ಲ, ಅದಕ್ಕೇ ಇಷ್ಟೆಲ್ಲ ಆಗಿದ್ದು.

ಮೊದಮೊದಲು ಅಚ್ಚುಗಳೆಲ್ಲ ಪ್ಲಾಸ್ಟರಿನವು. ಒಂದನ್ನೂ ಎಸೆಯಲು ಅವರಿಗೆ ಮನಸ್ಸಿಲ್ಲ. ಮಂಚದ ಕೆಳಗೆ ದವಡೆ, ಬೀರುವಿನ ಮೇಲೆ ದವಡೆ, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಕೈ ಹಾಕಲು ಹೋದರೆ ಹಿಂದಿನಿಂದ ಯಾರದ್ದೋ ಹಲ್ಲು ಕಿಸಿಯುತ್ತಿರುತ್ತದೆ. ಕೊನೆಗೆ ನನ್ನ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೋಡ್ರೀ, ಈ ಮನೇಲಿ ಇದ್ರೆ ನಾನಿರಬೇಕು, ಇಲ್ಲ ಈ ದವಡೆಗಳಿರಬೇಕು. ಯಾವುದು ಹೇಳಿ."

ಭಾವ ಯೋಚನೆ ಮಾಡಲು ಶುರು ಮಾಡಿದರು! ಅಕ್ಕ ಆ ವಾರವೆಲ್ಲ ಅವರ ಜೊತೆ ಮಾತಾಡಲಿಲ್ಲ.

ಹೀಗೆ ಸ್ಕ್ಯಾನರ್ ಬಂತು, ಜೊತೆಗೆ ಡಬ್ಬವೂ ಬಂತು. ಡಬ್ಬ ಎಂದರೆ ಮನೆಯಲ್ಲೇ ಇಟ್ಟುಕೊಳ್ಳುವ ಪುಟ್ಟ ಸರ್ವರ್. ಒಳಗೆ ಡಿಸ್ಕುಗಳು, ಮುಂದೆ ಮಿಣುಕುವ ದೀಪಗಳು, ಹಿಂದೆ ಕೇಬಲ್ ಚುಚ್ಚುವ ಬಾಯಿಗಳು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅದರ ವಾಸ. ಅಚ್ಚುಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ಹಾಕಿ, ಪ್ಲಾಸ್ಟರನ್ನು ಚೀಲ ಚೀಲವಾಗಿ ಆಚೆ ಸಾಗಿಸಿದರು. ನಾನು ಕಂಪ್ಯೂಟರ್ ಸಾಮಾನಿನ ಅಂಗಡಿಯಲ್ಲಿ ಕೇಬಲ್ ಕೌಂಟರಿನವಳು. ಡಬ್ಬ ಆರಿಸಿಕೊಟ್ಟವಳೂ ನಾನೇ. ಅಂದಿನಿಂದ ಭಾವ ನನ್ನನ್ನು ಕೇಬಲ್ ರಾಣಿ ಎಂದು ಕರೆಯುತ್ತಾರೆ. ಸಲಹೆ ಕೇಳುವಾಗ ಮಾತ್ರ ರಾಣಿ. ಸಲಹೆ ಕೊಟ್ಟ ಮೇಲೆ "ನಿನಗೇನು ಗೊತ್ತು" ಆಗಿಬಿಡುತ್ತೇನೆ.

ಈಗ ನಮ್ಮ ಅಮ್ಮನ ವಿಷಯಕ್ಕೆ ಬರಬೇಕು. ಅಮ್ಮ ಅಕ್ಕ-ಭಾವನ ಜೊತೆಯಲ್ಲೇ ಇದ್ದಾಳೆ. ವಯಸ್ಸಿನಲ್ಲಿ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದಳು. ಆ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಅಮ್ಮನ ದನಿಯೋ, ಮೊದಲೇ ಸಣ್ಣದು. ಆದರೆ ಮುಂದಿನ ಎರಡು ಹಲ್ಲುಗಳ ನಡುವೆ ಅವಳಿಗೊಂದು ಸಂದಿತ್ತು. ಅಲ್ಲಿಂದ ಊದಿದಳೆಂದರೆ ಅಬ್ಬಾ, ಗಿರಣಿಯ ಆ ತುದಿಯವರು ತಿರುಗಿ ನೋಡುತ್ತಿದ್ದರಂತೆ. ಬೆರಳಿಡುವುದಿಲ್ಲ, ತುಟಿ ಸುತ್ತುವುದಿಲ್ಲ, ಸುಮ್ಮನೆ ಹಲ್ಲು ಕಚ್ಚಿ ಶಿಳ್ಳೆ.

ಮನೆಗೆ ಬಂದರೂ ಅದೇ. ನಮ್ಮಮ್ಮ ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಅಕ್ಕನಿಗೆ ಕೆಳಗಿನಿಂದ ಮೇಲಕ್ಕೇರುವ ಒಂದು ಎಳೆ. ನನಗೆ ಎರಡು ಚಿಕ್ಕದು, ಒಂದು ಉದ್ದ. ಅಪ್ಪನಿಗೆ ನಿಧಾನವಾದ, ತಗ್ಗಿನದು. ಬೀದಿಯ ಯಾವ ಮೂಲೆಯಲ್ಲಿ ಆಡುತ್ತಿರಲಿ, ನಮ್ಮ ಶಿಳ್ಳೆ ಕೇಳಿತೆಂದರೆ "ಬಂದೇಮ್ಮಾ" ಎಂದು ಓಡಬೇಕು. ಅಪ್ಪನೂ ಅಷ್ಟೇ. ಇಸ್ಪೀಟಿನಲ್ಲಿ ಗೆಲ್ಲುವ ಎಲೆ ಕೈಯಲ್ಲಿದ್ದರೂ ಮಗುಚಿಟ್ಟು ಎದ್ದುಬರುತ್ತಿದ್ದ.

ಭಾವನಿಗೆ ಮಾತ್ರ ಶಿಳ್ಳೆ ಇಲ್ಲ. ಅಳಿಯನಿಗೆ ಶಿಳ್ಳೆ ಹೊಡೆಯುವುದುಂಟೇ! ಒಂದೇ ಸೂರಿನಡಿ ಇಷ್ಟು ವರ್ಷ ಕಳೆದರೂ ಅಮ್ಮ ಅವರ ಜೊತೆ ನೇರವಾಗಿ ಮಾತೇ ಆಡಿರಲಿಲ್ಲ. ಅವರು ಎದುರಿಗೇ ಕುಳಿತಿರುತ್ತಾರೆ, ಅಮ್ಮ ಅಕ್ಕನಿಗೆ ಹೇಳುತ್ತಾಳೆ: "ಅವರಿಗೆ ಕಾಫಿ ಬೇಕಾ ಕೇಳು." ಭಾವ ಅಕ್ಕನಿಗೆ ಹೇಳುತ್ತಾರೆ: "ಬೇಡ ಅಂತ ಅತ್ತೆಗೆ ಹೇಳು." ಅಕ್ಕ ಇಬ್ಬರ ನಡುವೆ ದುಭಾಷಿಯ ಹಾಗೆ ಕತ್ತು ಆಚೆ ಈಚೆ ತಿರುಗಿಸುತ್ತಾಳೆ. ನಾವೆಲ್ಲ "ಬಂದೇಮ್ಮಾ" ಎಂದು ಓಡುವಾಗ ಭಾವ ಕುಳಿತಲ್ಲಿಂದ ಕತ್ತೆತ್ತಿ ನೋಡಿ ಮತ್ತೆ ಹಲ್ಲು ಉಜ್ಜಲು ತೊಡಗುತ್ತಿದ್ದರು.

ಅಮ್ಮನ ಹಲ್ಲುಗಳು ಅಲುಗಾಡಲು ಶುರುವಾಗಿ, ಕೀಳಿಸಲೇಬೇಕೆಂದು ಡಾಕ್ಟರು ಹೇಳಿದಾಗ ಅಮ್ಮ ಅತ್ತಳು. ನೋವಿಗಲ್ಲ, ಶಿಳ್ಳೆಗೆ. ಆಗ ಭಾವ ಒಂದು ಒಳ್ಳೆಯ ಕೆಲಸ ಮಾಡಿದರು. ಕೀಳುವ ಮುಂಚೆ ಅಮ್ಮನ ಸ್ವಂತ ಹಲ್ಲುಗಳನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿಕೊಂಡರು. ಅದೇ ದಿನ ಪಕ್ಕದಲ್ಲಿ ಕುಳಿತಿದ್ದ ಅಪ್ಪನ ಬಾಯಿಯನ್ನೂ ಮಾಡಿದರು. ಆಮೇಲೆ ಅಮ್ಮನಿಗೆ ಸೆಟ್ ಕಟ್ಟುವಾಗ ಆ ಸಂದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇಳಿಸಿದರು. ಸೆಟ್ ಹಾಕಿಕೊಂಡ ಅಮ್ಮ ಅಳುಕುತ್ತ ಊದಿದಳು. ಹಿತ್ತಲಿನಲ್ಲಿದ್ದ ಅಪ್ಪ "ಬಂದೇ" ಎನ್ನುತ್ತ ಒಳಗೆ ಬಂದ. ಭಾವ ಅದನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ ಬಿಡಿ, ಆ ಹಕ್ಕು ಅವರಿಗಿದೆ.

ಒಂದು ಬೆಳಿಗ್ಗೆ ಡಬ್ಬ ಕುಯ್ಯೋ ಎಂದು ಕೂಗಿಕೊಂಡಿತು. ಏನೂ ಆಗಿರಲಿಲ್ಲ, ಬಿಸಿಯಾಗಿತ್ತಷ್ಟೇ. ಭಾವ ಮಾತ್ರ ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿ, ನೇರ ನಮ್ಮ ಅಂಗಡಿಗೆ ಬಂದರು.

"ಇದು ಹೋದ್ರೆ ಎಲ್ಲಾ ಹೋಯ್ತು ಕಣಮ್ಮಾ. ಅತ್ತೆ ವಸಡು ಸವೀತಾ ಹೋಗುತ್ತೆ, ಅದರ ಅಚ್ಚು ಮತ್ತೆ ತೆಗೀಬಹುದು. ಆದ್ರೆ ಆ ಹಲ್ಲು, ಆ ಸಂದು? ಅದು ಈ ಡಬ್ಬ ಬಿಟ್ರೆ ಇನ್ನೆಲ್ಲೂ ಇಲ್ಲ. ಬ್ಯಾಕಪ್ಪಿಗೆ ಹೊರಗಡೆ ಒಂದು ಡ್ರೈವ್ ಹಾಕಬೇಕು. ಯಾವ ಕನೆಕ್ಷನ್ನು ಹೇಳು."

ನಾನು ಎರಡು ಕೇಬಲ್ ಕೌಂಟರಿನ ಮೇಲಿಟ್ಟೆ. ಒಂದು ಯುಎಸ್‌ಬಿ. ಎಲ್ಲ ಕಡೆ ಸಿಗುತ್ತದೆ, ಎಲ್ಲಿ ಬೇಕಾದರೂ ಚುಚ್ಚಬಹುದು, ಕಿತ್ತುಕೊಂಡು ಜೇಬಿಗಿಳಿಸಬಹುದು. ಅವರ ಡಬ್ಬದಲ್ಲಿದ್ದದ್ದು ಹಳೆಯ ತರಹದ್ದು, ವೇಗ ಕಡಿಮೆ. ಇನ್ನೊಂದು ಇ-ಸಾಟಾ. ಡಬ್ಬದ ಒಳಗಿನ ಡಿಸ್ಕು ಓಡುವಷ್ಟೇ ವೇಗದಲ್ಲಿ ಹೊರಗಿನದ್ದೂ ಓಡುತ್ತದೆ. ಆದರೆ ಡ್ರೈವಿಗೆ ಕರೆಂಟಿನ ವೈರು ಬೇರೆ ಬೇಕು, ಕೇಬಲ್ಲಿನ ಮೂತಿಗೆ ಹಿಡಿತ ಸಾಲದು.

"ಯುಎಸ್‌ಬಿ ತಗೊಳ್ಳಿ ಭಾವ. ನಿಧಾನ ಆದ್ರೂ ಪರವಾಗಿಲ್ಲ. ವಾರಕ್ಕೊಂದು ಸಲ ಚುಚ್ಚಿ, ಕಾಪಿ ಮಾಡಿ, ಕಿತ್ತು ನಮ್ಮನೇಲಿಡಿ."

ಭಾವ ಮುಖ ಸಿಂಡರಿಸಿದರು. "ಯುಎಸ್‌ಬಿ ಅಂದ್ರೆ ತೆಗೆದು ಹಾಕೋ ಸೆಟ್ಟು. ಇದು ನೋಡು, ಇ-ಸಾಟಾ. ಇದು ಕಟ್ಟಿಸಿದ ಹಲ್ಲು. ಹುಟ್ಟಿದಾಗಿಂದ ಅಲ್ಲೇ ಇತ್ತೇನೋ ಅನ್ನೋ ಹಾಗೆ ಕೂತಿರುತ್ತೆ."

"ತೆಗೆದು ಹಾಕೋ ಸೆಟ್ ಮಾಡೇ ಅಲ್ವಾ ನೀವು ಮನೆ ನಡೆಸ್ತಿರೋದು?"

"ಅದಕ್ಕೇ ಅದರ ಬವಣೆ ನನಗೆ ಗೊತ್ತು."

"ತೆಗೀರಿ, ತೊಳೀರಿ, ಬೇರೆ ಇಡಿ ಅಂತ ಊರಿಗೆಲ್ಲ ಹೇಳ್ತೀರಲ್ಲ. ಬ್ಯಾಕಪ್ಪೂ ಅಷ್ಟೇ. ಬೇರೆ ಇಟ್ರೇ ಅದು ಬ್ಯಾಕಪ್ಪು."

"ನಿನಗೇನು ಗೊತ್ತು," ಎಂದು ಇ-ಸಾಟಾ ಕೇಬಲನ್ನೂ ಅದಕ್ಕೆ ಹೊಂದುವ ಡ್ರೈವನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟರು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಡಬ್ಬದಲ್ಲಿ ಏನಾದರೂ ಅದು ತಕ್ಷಣ ಡ್ರೈವಿನಲ್ಲೂ ಆಗುವ ಹಾಗೆ ಹೊಂದಿಸಿಕೊಂಡರು. ಇಲ್ಲಿ ಹೊಸ ದವಡೆ ಬಂದರೆ ಅಲ್ಲೂ ಬರಬೇಕು, ಇಲ್ಲಿ ಹೋದರೆ ಅಲ್ಲೂ ಹೋಗಬೇಕು.

"ಡಬ್ಬ ಕೆಟ್ರೆ ಇದು ಕಾಯುತ್ತೆ, ಸರಿ. ನೀವೇ ಏನಾದ್ರೂ ಎಡವಟ್ಟು ಮಾಡಿದ್ರೆ?" ಎಂದೆ.

"ನಾನಾ?" ಎಂದು ಭಾವ ನಕ್ಕರು. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾರನೇ ದಿನದಿಂದಲೇ ಜಗಳ. ಅಕ್ಕ ಬೆಳಿಗ್ಗೆ ಮೆಟ್ಟಿಲ ಕೆಳಗೆ ಗುಡಿಸುತ್ತಾಳೆ, ಪೊರಕೆ ಕೇಬಲಿಗೆ ತಾಗುತ್ತದೆ, ಇ-ಸಾಟಾ ಮೂತಿ ಸಡಿಲವಾಗುತ್ತದೆ, ಡಬ್ಬ ಕುಯ್ಯೋ ಎನ್ನುತ್ತದೆ. ಭಾವ ಕೈಯಲ್ಲಿದ್ದ ದವಡೆ ಸಮೇತ ಓಡಿಬರುತ್ತಾರೆ.

"ನಿಧಾನವಾಗಿ ಗುಡಿಸೇ!"

"ನಿಮ್ಮ ಡ್ರೈವಿಗೋಸ್ಕರ ಕಸ ಹಾಗೇ ಬಿಡ್ಲಾ? ಬಿಟ್ರೆ ಅದನ್ನೂ ಸ್ಕ್ಯಾನ್ ಮಾಡಿ ಇಟ್ಕೊಳ್ತೀರಾ?"

ಬೇರೆ ಯಾರೇ ಆಗಿದ್ದರೂ ಪೊರಕೆ ತಾಗದ ಕಡೆ ಡಬ್ಬ ಇಡುತ್ತಿದ್ದರು. ಇಲ್ಲವೇ ನನ್ನ ಮಾತು ಕೇಳಿ ಯುಎಸ್‌ಬಿಗೆ ಬದಲಾಯಿಸುತ್ತಿದ್ದರು. ಆದರೆ ನಮ್ಮ ಭಾವನಿಗೆ ಬದುಕಿನಲ್ಲಿ ಸಡಿಲವಾದದ್ದು ಏನೇ ಕಂಡರೂ ಔಷಧ ಒಂದೇ. ವಸಡು ಮಾಡುವ ಪುಡಿಗೆ ದ್ರಾವಣ ಬೆರೆಸಿ, ಹದವಾಗಿ ಕಲಸಿ, ಕೇಬಲಿನ ಮೂತಿಯ ಸುತ್ತ ಡಬ್ಬಕ್ಕೂ ಡ್ರೈವಿಗೂ ಸೇರಿಸಿ ಮೆತ್ತಿಬಿಟ್ಟರು. ಗಟ್ಟಿಯಾದ ಮೇಲೆ ಉಜ್ಜಿ ಹೊಳಪು ಬೇರೆ ಕೊಟ್ಟರು! ನಾನು ಹೋಗಿ ನೋಡಿದರೆ ಡಬ್ಬದ ಹಿಂಭಾಗದಲ್ಲಿ ಗುಲಾಬಿ ಬಣ್ಣದ ಆರೋಗ್ಯವಂತ ವಸಡು, ಅದರೊಳಗಿಂದ ಕಪ್ಪು ಕೇಬಲ್ ಇಣುಕುತ್ತಿದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

"ಈಗ ಪೊರಕೆ ಅಲ್ಲ, ಆನೆ ಬಂದು ಎಳೆದ್ರೂ ಬರಲ್ಲ," ಎಂದರು ಭಾವ.

"ನೀವು ಎಳೆದ್ರೂ ಬರಲ್ಲ," ಎಂದೆ.

"ನಾನ್ಯಾಕೆ ಎಳೀಲಿ?"

ಅಪ್ಪ ತೀರಿಕೊಂಡದ್ದು ಅದಾದ ಮೇಲೆ. ಅವನ ಶಿಳ್ಳೆಯನ್ನು ಅಮ್ಮ ಮತ್ತೆ ಊದಲಿಲ್ಲ. ನಮ್ಮದನ್ನು ಊದುತ್ತಿದ್ದಳು. ಬಸ್ಸು ನಿಲ್ಲಿಸಲೂ ಊದುತ್ತಿದ್ದಳು. ಆ ಬಸ್ಸಿನದೇ ಈಗ ಹೇಳಬೇಕಾದ ಕತೆ.

ಅಮ್ಮನ ವಸಡು ಸವೆದು ಸೆಟ್ ಸಡಿಲವಾಗಿತ್ತು. "ಒಂದು ಸಲ ಬಿಚ್ಚಿಕೊಡೋಕೆ ಹೇಳು, ಒಳಗಡೆ ಒಂದು ಪದರ ಹಾಕ್ತೀನಿ," ಎಂದು ಭಾವ ಅಕ್ಕನ ಮೂಲಕ ಹೇಳಿ ಕಳಿಸುತ್ತಲೇ ಇದ್ದರು. "ನಾಳೆ ಅಂತ ಹೇಳು," ಎಂದು ಅಮ್ಮ ಅಕ್ಕನ ಮೂಲಕವೇ ಉತ್ತರ ಕಳಿಸುತ್ತಲೇ ಇದ್ದಳು. ಒಂದು ದಿನ ನಾನೂ ಅವಳೂ ಬಸ್ಸಿಗೆ ಓಡಿದೆವು. ಬಸ್ಸು ಆಗಲೇ ಹೊರಟಿತ್ತು. ಅಮ್ಮ ಓಡುತ್ತಲೇ ಉಸಿರೆಳೆದು ಊದಿದಳು. ಶಿಳ್ಳೆ ಮುಂದೆ ಹೋಯಿತು, ಹಿಂದೆಯೇ ಹಲ್ಲು ಸೆಟ್ಟೂ ಹೋಯಿತು. ಡ್ರೈವರಿಗೆ ಶಿಳ್ಳೆ ಕೇಳಿಸಿತು, ಪಾಪ, ಒಳ್ಳೆಯ ಮನುಷ್ಯ, ನಮಗೋಸ್ಕರ ಬಸ್ಸನ್ನು ಹಿಂದಕ್ಕೆ ತಂದ. ಚಕ್ರ ಸರಿಯಾಗಿ ಅಮ್ಮನ ಹಲ್ಲಿನ ಮೇಲೆಯೇ ಬಂದು ನಿಂತಿತು.

ಗುಲಾಬಿ ಚೂರುಗಳನ್ನು ಕರ್ಚೀಫಿನಲ್ಲಿ ಆಯ್ದುಕೊಂಡು ಬಂದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತಳು. ಭಾವ ಚೂರುಗಳನ್ನು ಮೇಜಿನ ಮೇಲೆ ಹರಡಿ ನೋಡಿದರು. ಮುಖದಲ್ಲಿ ಒಂದಿಷ್ಟೂ ಗಾಬರಿ ಇಲ್ಲ.

"ಇದೇನು ಮಹಾ! ಫೈಲ್ ಇದೆ. ಮುಂದಿನ ವಾರದೊಳಗೆ ಶಿಳ್ಳೆ ವಾಪಸ್ ಅಂತ ಅತ್ತೆಗೆ ಹೇಳು."

ಕಂಪ್ಯೂಟರಿನ ಮುಂದೆ ಕುಳಿತರು. ಹುಡುಕಿದರು. ಮತ್ತೆ ಹುಡುಕಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೂ ಹುಡುಕಿದರು. ಆಮೇಲೆ ಅವರ ಕೈ ಮೌಸಿನ ಮೇಲೆ ಹಾಗೇ ನಿಂತುಬಿಟ್ಟಿತು. ಭಾವ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದದ್ದು ಇಷ್ಟು. ಡಬ್ಬ ತುಂಬಿದಾಗಲೆಲ್ಲ ಭಾವ ತೀರಿಹೋದವರ ದವಡೆಗಳನ್ನು ಅಳಿಸುತ್ತಾರೆ. "ಅವರಿಗೆ ಇನ್ನೇನು ಅಗಿಯೋದಿದೆ?" ಎನ್ನುವುದು ಅವರ ವಾದ. ಅಪ್ಪನದನ್ನು ಮಾತ್ರ ಅಳಿಸಲು ಮನಸ್ಸು ಬಾರದೆ ಮುಂದೂಡುತ್ತ ಬಂದಿದ್ದರು. ಒಂದು ದಿನ ಗಟ್ಟಿ ಮನಸ್ಸು ಮಾಡಿ, ಕಣ್ಣು ಒರೆಸಿಕೊಂಡು, 'ಮಾವ' ಎಂದಿದ್ದ ಫೋಲ್ಡರನ್ನು ಬಿಚ್ಚಿಯೂ ನೋಡದೆ ಅಳಿಸಿಬಿಟ್ಟಿದ್ದಾರೆ. ಅಪ್ಪ ಅಮ್ಮ ಇಬ್ಬರದನ್ನೂ ಒಂದೇ ದಿನ ಸ್ಕ್ಯಾನ್ ಮಾಡಿದ್ದರಲ್ಲ, ಅಮ್ಮನ ಹಲ್ಲನ್ನೂ ಅದರೊಳಗೇ ಇಟ್ಟದ್ದು ಮರೆತೇಹೋಗಿತ್ತು. ಅಳಿಸಿದ್ದನ್ನು ಕೆಲವು ದಿನ ಹಿಡಿದಿಡುವ ಕಸದ ಬುಟ್ಟಿಯೊಂದು ಡಬ್ಬದಲ್ಲಿತ್ತು, ಜಾಗ ತಿನ್ನುತ್ತದೆಂದು ಅದನ್ನೂ ನಿಲ್ಲಿಸಿದ್ದರು. ಇನ್ನು ವಸಡು ಕಟ್ಟಿಸಿಕೊಂಡು ಕುಳಿತಿದ್ದ ಆ ನಿಷ್ಠಾವಂತ ಡ್ರೈವು, ಇ-ಸಾಟಾದ ಪೂರ್ತಿ ವೇಗದಲ್ಲಿ, ಕಣ್ಣು ಮಿಟುಕಿಸುವುದರೊಳಗೆ ತಾನೂ ಅಳಿಸಿಕೊಂಡಿತ್ತು.

ನಮ್ಮ ಅಂಗಡಿಯ ಡೇಟಾ ತೆಗೆಯುವವನಿಗೆ ತೋರಿಸಿದೆವು. ಅಮ್ಮನ ಹಲ್ಲಿದ್ದ ಜಾಗದಲ್ಲಿ ಬೇರೆಯವರ ದವಡೆಗಳು ಬಂದು ಕುಳಿತು ಎಷ್ಟೋ ಕಾಲವಾಗಿತ್ತು, ಇನ್ನು ತೆಗೆಯಲು ಆಗುವುದಿಲ್ಲ ಎಂದ. ಅವನು ಡಬ್ಬವನ್ನು ತಿರುಗಿಸಿ ಗುಲಾಬಿ ವಸಡನ್ನು ನೋಡಿದ, ನನ್ನನ್ನು ನೋಡಿದ.

ನನಗೆ ಬಾಯಿತುಂಬ ಬೈಯಬೇಕೆನಿಸಿತ್ತು. ಬರುವ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೂ ಇದ್ದೆ. ಆದರೆ ಭಾವ ಮನೆಗೆ ಬಂದವರೇ ಅಮ್ಮನ ಕುರ್ಚಿಯ ಮುಂದೆ ನಿಂತು, ಅಕ್ಕನ ಕಡೆ ತಿರುಗದೆ, "ಅತ್ತೆ, ನಾನೇ ಅಳಿಸಿದೆ," ಎಂದರು. ಅಮ್ಮ ತಲೆ ಬಗ್ಗಿಸಿ ಅಕ್ಕನಿಗೆ ಹೇಳಿದಳು: "ಪರವಾಗಿಲ್ಲ ಅಂತ ಹೇಳು." ಅದಕ್ಕಿಂತ ಅಮ್ಮ ನಾಲ್ಕು ಬಿಟ್ಟಿದ್ದರೆ ಭಾವ ಸುಧಾರಿಸಿಕೊಳ್ಳುತ್ತಿದ್ದರು. ನಾನು ಹೊಂದಿಸಿಕೊಂಡಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ.

ಫೋಟೋ ನೋಡಿ ಮಾಡೋಣವೆಂದರೆ ಅಮ್ಮ ಯಾವ ಫೋಟೋದಲ್ಲೂ ಬಾಯಿ ಬಿಟ್ಟಿಲ್ಲ. ಸಂದು ಕಾಣುತ್ತದೆಂದು ವಯಸ್ಸಿನಲ್ಲಿ ನಾಚಿಕೆಯಂತೆ! ಚೂರುಗಳಲ್ಲಿ ಮುಂದಿನ ಹಲ್ಲುಗಳು ಪುಡಿಯಾಗಿದ್ದವು. ಭಾವ ಅಂದಾಜಿನ ಮೇಲೆ ಒಂದು ಸೆಟ್ ಮಾಡಿದರು. ಅಮ್ಮ ಹಾಕಿಕೊಂಡು ಊದಿದಳು. ಕುದಿಯುವ ಕೆಟಲಿನ ಸದ್ದು ಬಂತು. ಸಂದನ್ನು ಇನ್ನಷ್ಟು ಉಜ್ಜಿದರು. ಈ ಸಲ ಬರೀ ಗಾಳಿ. ಇನ್ನೊಂದು ಸೆಟ್ ಮಾಡಿದರು. ಅದರಲ್ಲಿ ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ, ಆದರೆ ಬೀದಿನಾಯಿಯೊಂದು ಓಡಿಬಂದು ಗೇಟಿನ ಹತ್ತಿರ ಬಾಲ ಅಲ್ಲಾಡಿಸುತ್ತ ನಿಂತಿತು. ಮಾರನೇ ದಿನವೂ ಬಂತು, ಅಲ್ಲೇ ಉಳಿಯಿತು. ಅಮ್ಮ ಸೆಟ್ ತೆಗೆದು ಬಟ್ಟಲಿಗೆ ಹಾಕಿ, "ಚೆನ್ನಾಗಿದೆ, ಊಟಕ್ಕೆ ಸಾಕು ಅಂತ ಹೇಳು," ಎಂದಳು.

ಊಟಕ್ಕೆ ಸಾಕು! ಅಮ್ಮ ಊಟ ಮಾಡುತ್ತಿದ್ದಳು, ಟೀವಿ ನೋಡುತ್ತಿದ್ದಳು, ಮಲಗುತ್ತಿದ್ದಳು. ನಾನು ಹೊರಡುವಾಗ ಗೇಟಿನ ತನಕ ಶಿಳ್ಳೆ ಬರುವುದು ವಾಡಿಕೆ, ಛತ್ರಿ ಮರೆತೆನೆಂದೋ ಊಟದ ಡಬ್ಬಿ ಮರೆತೆನೆಂದೋ. ಈಗ ಗೇಟು ಹಾಕುವ ಸದ್ದು ಮಾತ್ರ. ಅವಳ ಸಣ್ಣ ದನಿ ಅಂಗಳ ದಾಟುತ್ತಿರಲಿಲ್ಲ. ಒಂದು ದಿನ ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನನ್ನ ಛತ್ರಿ ಹಿಡಿದು ಕೈ ಬೀಸುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದ ಬೀಸುತ್ತಿದ್ದಳೋ! ನನಗೆ ಅಳು ಬಂತು, ಭಾವನ ಮೇಲೆ ಸಿಟ್ಟೂ ಬಂತು.

ವಾಪಸ್ ಒಳಗೆ ಹೋಗಿ ಹೇಳಿದೆ, "ಭಾವ, ಅಂದಾಜು ಸಾಕು. ಅಮ್ಮನ್ನ ಎದುರಿಗೆ ಕೂರಿಸ್ಕೊಳ್ಳಿ. ಅವಳು ಊದಲಿ, ನೀವು ಉಜ್ಜಿ. ಅದರ ನಾದ ಅವಳಿಗೆ ಗೊತ್ತು, ನಮಗೂ ಗೊತ್ತು."

ಭಾನುವಾರ ಕೂರಿಸಿದರು. ಭಾವ ಹೊಸ ಸೆಟ್ ಕಟ್ಟಿ, ಸಂದನ್ನು ಬೇಕೆಂದೇ ಇಕ್ಕಟ್ಟಾಗಿ ಬಿಟ್ಟಿದ್ದರು. ಉಜ್ಜಿ ಅಗಲ ಮಾಡಬಹುದು, ಅಗಲವಾದದ್ದನ್ನು ಕಿರಿದು ಮಾಡುವುದು ಕಷ್ಟ. ನಾನು ಅವರದೇ ಒಂದು ಉಜ್ಜುವ ಯಂತ್ರ ಇಸಿದುಕೊಂಡು ಮೆಟ್ಟಿಲ ಕೆಳಗೆ ತೂರಿ ಡಬ್ಬದ ವಸಡು ಕೀಳಲು ಕುಳಿತೆ. ಹೊಸ ಸೆಟ್ ಆದ ತಕ್ಷಣ ಅದನ್ನು ಸ್ಕ್ಯಾನ್ ಮಾಡಿ, ನಾನು ತಂದಿದ್ದ ಯುಎಸ್‌ಬಿ ಡ್ರೈವಿಗೆ ಹಾಕಿ, ಕಿತ್ತು ಒಯ್ಯುವುದೆಂದು ಒಪ್ಪಂದವಾಗಿತ್ತು. ಭಾವ ಒಪ್ಪಿದರು ಎನ್ನುವುದಕ್ಕಿಂತ ಎದುರಾಡಲಿಲ್ಲ ಎನ್ನುವುದು ಸರಿ.

ಮುಂದಿನ ಕೋಣೆಯಿಂದ ಮಾತು ಕೇಳಿಸುತ್ತಿತ್ತು.

"ಗಾಳಿ ಎಲ್ಲಿ ಸೋರ್ತಿದೆ ಅಂತ ಅತ್ತೆನ ಕೇಳು."

"ಎಡಗಡೆ ಅಂತ ಅವರಿಗೆ ಹೇಳು."

"ಮೇಲೋ ಕೆಳಗೋ ಕೇಳು."

"ಕೆಳಗೆ ಅಂತ ಹೇಳು."

ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. "ಇಬ್ರಿಗೂ ಬಾಯಿದೆ! ಒಬ್ರು ಬಾಯಿ ಮಾಡೋರು, ಒಬ್ರು ಬಾಯಿ ಮಾಡಿಸ್ಕೊಳ್ಳೋರು. ನಡುವೆ ನಂದೇನು ಕೆಲಸ? ಒಲೆ ಮೇಲೆ ಹಾಲಿದೆ, ನಾನು ಹೋದೆ."

ಹೋಗಿಯೇಬಿಟ್ಟಳು. ಅಮ್ಮ ಊದಿದಳು, ಪುಸ್ ಎಂದಿತು. ಭಾವ ಉಜ್ಜಿದರು. ಅಮ್ಮ ಊದಿದಳು, ಸಣ್ಣಗೆ ಏನೋ ಹೊರಟು ನಿಂತುಹೋಯಿತು. ಮತ್ತೆ ಯಂತ್ರದ ಸದ್ದು. ಇದ್ದಕ್ಕಿದ್ದಂತೆ ಅಮ್ಮನ ದನಿ:

"ಅಯ್ಯೋ, ಅಷ್ಟೊಂದು ಉಜ್ಜಬೇಡೀಪ್ಪಾ!"

ಯಂತ್ರ ನಿಂತಿತು. ಮೆಟ್ಟಿಲ ಕೆಳಗೆ ನಾನೂ ನನ್ನ ಯಂತ್ರ ನಿಲ್ಲಿಸಿದೆ.

"ಸರಿ ಅತ್ತೆ," ಎಂದರು ಭಾವ. ದನಿಯಲ್ಲಿ ಜಂಬದ ಸುಳಿವೇ ಇಲ್ಲ. "ಇಲ್ಲಾ?"

"ಅಲ್ಲಲ್ಲ. ನಾಲಿಗೆ ತಾಗೋ ಕಡೆ. ಒಳಗಡೆ. ಹಾಂ, ಅಲ್ಲೇ. ಸಾಕು ಸಾಕು. ಸಾಕು ಅಂದ್ನಲ್ಲ! ಹೇಳಿದ್ದು ಕೇಳೋದೇ ಇಲ್ಲವಲ್ಲ ನೀವು!"

ನಾನು ವಸಡು ಕೆರೆಯುವುದನ್ನು ಮುಂದುವರಿಸಿದೆ. ಗುಲಾಬಿ ಪುಡಿ ಮೂಗಿಗೆ ಹೋಗಿ ಸೀನು ಬರುತ್ತಿತ್ತು. ಭಾವ ಕಟ್ಟಿದ ವಸಡು ಅಷ್ಟು ಸುಲಭಕ್ಕೆ ಬರುವಂಥದ್ದಲ್ಲ. ಮನಸ್ಸಿನಲ್ಲೇ ಅವರಿಗೆ ಸಹಸ್ರನಾಮ ಮಾಡುತ್ತ ಉಜ್ಜುತ್ತಿದ್ದೆ. ಆಗ ಕೇಳಿಸಿತು. ಎರಡು ಚಿಕ್ಕದು, ಒಂದು ಉದ್ದ.

"ಬಂದೇಮ್ಮಾ!" ಎನ್ನುತ್ತ ಎದ್ದೆ. ನೆತ್ತಿ ಮೆಟ್ಟಿಲಿಗೆ ಧಡಾರೆಂದು ಬಡಿಯಿತು. ತಲೆ ಹಿಡಿದುಕೊಂಡು ಮುಂದಿನ ಕೋಣೆಯ ಬಾಗಿಲಿಗೆ ಬಂದು ನಿಂತ ಮೇಲೆಯೇ ನಾನು ಬಂದಿದ್ದೇನೆ ಎಂದು ನನಗೆ ಗೊತ್ತಾದದ್ದು. ಅಮ್ಮ ನನ್ನನ್ನು ನೋಡಿದಳು. ಭಾವನೂ ನೋಡಿದರು. ನನ್ನ ಮೂಗಿನ ಮೇಲೆಲ್ಲ ಗುಲಾಬಿ ಪುಡಿ. ಅಮ್ಮ ಮತ್ತೆ ಊದಿದಳು, ಕೆಳಗಿನಿಂದ ಮೇಲಕ್ಕೆ. "ಬಂದೇಮ್ಮಾ!" ಎಂದು ಅಕ್ಕ ಸೌಟು ಹಿಡಿದುಕೊಂಡೇ ಓಡಿಬಂದಳು. ಹಿಂದೆ ಹಾಲು ಉಕ್ಕಿ ಚುರ್ ಎಂದಿತು, ಯಾರೂ ಹೋಗಲಿಲ್ಲ.

ಆಮೇಲೆ ಅಮ್ಮ ಮೂರನೆಯದನ್ನು ಊದಿದಳು. ನಿಧಾನವಾದದ್ದು, ತಗ್ಗಿನದು. ಅದು ಕೋಣೆ ದಾಟಿ ಹಿತ್ತಲ ತನಕ ಹೋಯಿತು. ಯಾರೂ ಬರಲಿಲ್ಲ. ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಸರಿಯಾಗಿ ಬಂತಾ ಅತ್ತೆ?" ಎಂದು ಭಾವ ಮೆಲ್ಲಗೆ ಕೇಳಿದರು.

"ಬಂತು," ಎಂದಳು ಅಮ್ಮ ನೇರವಾಗಿ ಅವರಿಗೇ. "ಹಾಗೇ ಬಂತು."

ಭಾವ ಅಮ್ಮನ ಬಾಯಿಂದ ಸೆಟ್ ಇಸಿದುಕೊಂಡು, ತೊಳೆದು, ಒರೆಸಿ, ಸ್ಕ್ಯಾನರಿನಲ್ಲಿ ಇಟ್ಟರು. ಫೋಲ್ಡರಿಗೆ ಏನು ಹೆಸರಿಡಲಿ ಎಂದು ಸ್ವಲ್ಪ ಹೊತ್ತು ಯೋಚಿಸಿ 'ಅಳಿಸಬೇಡ' ಎಂದು ಬರೆದರು. ನಾನು ಯುಎಸ್‌ಬಿ ಕೇಬಲ್ ಚುಚ್ಚಿದೆ. ಹಳೆಯ ಕನೆಕ್ಷನ್ನು, ನಿಧಾನ. ಪರದೆಯ ಮೇಲೆ ಹಸಿರು ಗೆರೆ ಆಮೆಯ ಹಾಗೆ ತೆವಳುತ್ತಿತ್ತು. ಭಾವ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಪೂರ್ತಿ ಮುಗಿಯುವ ತನಕ ನೋಡಿದರು. ವೇಗದ ಬಗ್ಗೆ ಒಂದು ಮಾತೂ ಬರಲಿಲ್ಲ. ಮುಗಿದ ಮೇಲೆ ನಾನು ಕೇಬಲಿಗೆ ಕೈ ಹಾಕಿದೆ. ಅವರ ಕೈ ತಾನಾಗಿಯೇ ಮುಂದೆ ಬಂತು.

"ಇರಲಿ ಬಿಡೇ, ಅಲ್ಲೇ ಇರಲಿ. ಚೆನ್ನಾಗಿ ಕೂತಿದೆ."

"ತೆಗೀರಿ, ತೊಳೀರಿ," ಎಂದೆ ನಾನು.

"ಬೇರೆ ಇಡಿ," ಎಂದು ಗೊಣಗಿ ತಾವೇ ಕಿತ್ತರು. ಹಲ್ಲು ಕಿತ್ತವರ ಮುಖ ಮಾಡಿಕೊಂಡು ನನ್ನ ಕೈಗೆ ಕೊಟ್ಟರು. ಈಗ ಅಮ್ಮನ ಶಿಳ್ಳೆ ನಮ್ಮ ಮನೆಯ ಬೀರುವಿನಲ್ಲಿ, ಹಳೆಯ ಸ್ವೆಟರಿನ ಒಳಗೆ ಇದೆ. ತಿಂಗಳಿಗೊಮ್ಮೆ ಹೋಗಿ ಚುಚ್ಚಿ, ತುಂಬಿಸಿ, ಕಿತ್ತು ತರುತ್ತೇನೆ.

ಆವತ್ತು ಡ್ರೈವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಭಾವ ಗೇಟಿನ ತನಕ ಬಂದರು. ಬಂದದ್ದು ನನ್ನನ್ನು ಬೀಳ್ಕೊಡಲು ಅಲ್ಲ, ಡ್ರೈವನ್ನು. "ನೀರು ತಾಗಿಸಬೇಡ, ಬೀಳಿಸಬೇಡ, ಪಕ್ಕದಲ್ಲಿ ಮಿಕ್ಸರ್ ಇಡಬೇಡ," ಎಂದು ಶುರು ಹಚ್ಚಿಕೊಂಡಿದ್ದರು. ಜಂಬ ಆಗಲೇ ಅರ್ಧ ವಾಪಸ್ ಬಂದಿತ್ತು. "ಸಂದನ್ನ ನೋಡಿದ್ಯಲ್ಲಾ? ಇಡೀ ಊರಲ್ಲಿ ಇನ್ಯಾರಿಗಾದ್ರೂ..."

ಒಳಗಿನಿಂದ ಶಿಳ್ಳೆ ಬಂತು. ನಾನು ತಿರುಗಿದೆ. ಆದರೆ ಅದು ನನ್ನದಲ್ಲ. ಎರಡು ಉದ್ದ, ನಡುವೆ ಒಂದು ಕೊಂಕು. ಅಕ್ಕನದೂ ಅಲ್ಲ, ಅಪ್ಪನದೂ ಅಲ್ಲ. ನಾನು ಆ ತನಕ ಕೇಳಿಯೇ ಇರಲಿಲ್ಲ.

"ಯಾರದ್ದೇ ಅದು?" ಎಂದರು ಭಾವ.

"ಗೊತ್ತಿಲ್ಲ."

ಮತ್ತೆ ಬಂತು, ಈ ಸಲ ಸ್ವಲ್ಪ ಸಿಟ್ಟಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ಅಕ್ಕ ತಲೆ ಹಾಕಿದಳು.

"ರೀ, ಕಿವಿ ಕೇಳಿಸಲ್ವಾ? ನಿಮ್ಮನ್ನೇ ಕಣ್ರೀ ಅಮ್ಮ ಕರೀತಿರೋದು!"

ಭಾವ ನನ್ನನ್ನು ನೋಡಿದರು, ಮನೆಯನ್ನು ನೋಡಿದರು. ಅಂಗಿಯ ಮೇಲಿನ ಹಲ್ಲಿನ ಪುಡಿ ಕೊಡವಿಕೊಂಡರು. ಮೂರನೇ ಸಲ ಶಿಳ್ಳೆ ಬಂದಾಗ ಕಾಲುಗಳು ಹೊರಟೇಬಿಟ್ಟವು. ಒಂದು ಚಪ್ಪಲಿ ಗೇಟಿನ ಹತ್ತಿರವೇ ಉಳಿಯಿತು.

"ಬಂದೇಮ್ಮಾ!" ಎಂದು ಅವರು ಕೂಗಿದ ರಭಸಕ್ಕೆ ಮಲಗಿದ್ದ ಬೀದಿನಾಯಿ ಎದ್ದು ಅವರ ಹಿಂದೆಯೇ ಒಳಗೆ ಓಡಿತು.